ಮಾರ್ಚ್‌ನ ತರಬೇತಿ, ಆಗಸ್ಟ್‌ನ ಹೊಳೆ

ವರದಾ ನದಿ ಹುಟ್ಟುವುದು ಸಾಗರ ತಾಲ್ಲೂಕಿನ ವರದಾಮೂಲದಲ್ಲಿ, ತುಂಗಭದ್ರೆಯನ್ನು ಸೇರುವುದು ಹಾವೇರಿ ತಾಲ್ಲೂಕಿನ ಗಳಗನಾಥದಲ್ಲಿ. ಕರ್ಜಗಿ, ಹೊಸರಿತ್ತಿಯಂಥ ಊರುಗಳು ಈ ಹಾದಿಯ ಕೆಳಭಾಗದಲ್ಲಿವೆ. ಹಾಗಾಗಿ ಇಲ್ಲಿ ಹೊಳೆ ಏರಬೇಕಾದರೆ ಇಲ್ಲೇ ಮಳೆ ಸುರಿಯಬೇಕೆಂದೇನಿಲ್ಲ. ಮಲೆನಾಡಿನಲ್ಲಿ ನಾಲ್ಕೈದು ದಿನ ಬಿಡದೆ ಹೊಡೆದರೆ ಸಾಕು, ಕರ್ಜಗಿಯಲ್ಲಿ ಬಿಸಿಲು ಕಾಯುತ್ತಿದ್ದಾಗಲೂ ನೀರು ಹೊಲಕ್ಕೆ ಬರುತ್ತದೆ. 2019ರ ಆಗಸ್ಟ್‌ನಲ್ಲಿ ವರದಾ ಮತ್ತು ಧರ್ಮಾ ನದಿಗಳು ಉಕ್ಕಿ ಹಾವೇರಿ ಜಿಲ್ಲೆಯ ಎಷ್ಟೋ ಹಳ್ಳಿಗಳ ಬದುಕನ್ನು ತಲೆಕೆಳಗು ಮಾಡಿದ್ದು ಇಲ್ಲಿಯವರಿಗೆ ಹೊಸದಾಗಿ ಹೇಳಬೇಕಾದ ಸಂಗತಿಯಲ್ಲ.

ಇಂಥ ಹೊತ್ತಿನಲ್ಲಿ ಮೊದಲು ನೀರಿಗಿಳಿಯುವವರು ಯಾರು? ಎನ್‌ಡಿಆರ್‌ಎಫ್ ತಂಡ ದೂರದಿಂದ ಬರಬೇಕು, ಅಗ್ನಿಶಾಮಕ ವಾಹನ ತಾಲ್ಲೂಕು ಕೇಂದ್ರದಿಂದ ಹೊರಡಬೇಕು. ಅಷ್ಟರೊಳಗೆ ಊರಿನ ಯುವಕರೇ ಹಗ್ಗ, ಟ್ಯೂಬು ಹಿಡಿದು ನಿಂತಿರುತ್ತಾರೆ. ಈ ಸರಳ ಸತ್ಯದ ಮೇಲೆಯೇ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2016ರಲ್ಲಿ ‘ಆಪದ ಮಿತ್ರ’ ಯೋಜನೆಯನ್ನು ಕಟ್ಟಿತು. ಪ್ರವಾಹದ ಭಯವಿರುವ 30 ಜಿಲ್ಲೆಗಳಲ್ಲಿ ತಲಾ 200 ಸ್ವಯಂಸೇವಕರು, ಅಂದರೆ 6,000 ಜನ, ಪ್ರತಿಯೊಬ್ಬರಿಗೂ 12 ದಿನಗಳ ತರಬೇತಿ. ಮುಂದೆ ಇದನ್ನು 350 ಜಿಲ್ಲೆಗಳ ಒಂದು ಲಕ್ಷ ಜನರಿಗೆ ಹಿಗ್ಗಿಸಲಾಯಿತು. ಈಗ ಎನ್‌ಸಿಸಿ, ಎನ್‌ಎಸ್‌ಎಸ್, ನೆಹರು ಯುವ ಕೇಂದ್ರ, ಸ್ಕೌಟ್ಸ್ ಮತ್ತು ಗೈಡ್ಸ್‌ಗಳಿಂದ ಇನ್ನೂ 2.37 ಲಕ್ಷ ಯುವಜನರನ್ನು ತರಬೇತುಗೊಳಿಸುವ ‘ಯುವ ಆಪದ ಮಿತ್ರ’ವೂ ಬಂದಿದೆ. ಯೋಚನೆ ಸರಿಯಾಗಿಯೇ ಇದೆ. ಕಳವಳ ಇರುವುದು ತರಬೇತಿಯ ಮುಂದಿನ ಭಾಗದಲ್ಲಿ. ಒಮ್ಮೆ ಕಲಿತವರನ್ನು ಮತ್ತೆ ಮತ್ತೆ ಕರೆದು ಕೂರಿಸುವ ರೀತಿ ಹೀಗೇ ಮುಂದುವರಿದರೆ, ಕೆಲವೇ ವರ್ಷಗಳಲ್ಲಿ ನಮ್ಮ ಬಳಿ ಹೆಸರುಗಳ ದೊಡ್ಡ ಪಟ್ಟಿ ಇರುತ್ತದೆ, ಕೆಲಸ ಬಲ್ಲವರು ಇರುವುದಿಲ್ಲ. ಇದು ಊಹೆಯಲ್ಲ. ಕಲಿಕೆ ಮತ್ತು ಮರೆವಿನ ಬಗ್ಗೆ ಪ್ರಯೋಗಗಳಿಂದ ಗೊತ್ತಾಗಿರುವ ಸಂಗತಿಗಳನ್ನು ಒಂದರ ಪಕ್ಕ ಒಂದಿಟ್ಟರೆ ಸಿಗುವ ಲೆಕ್ಕ.

ಹಳ್ಳಿಯಲ್ಲಿ ಪುನರಾವರ್ತನೆ ಹೇಗೆ ಹುಟ್ಟುತ್ತದೆ ಎಂಬುದನ್ನು ಮೊದಲು ನೋಡೋಣ. ಪಟ್ಟಣದಲ್ಲಿ ಒಂದೊಂದು ಸಂಘಟನೆಗೆ ಒಂದೊಂದು ಗುಂಪು ಜನ ಸಿಗುತ್ತಾರೆ. ಕರ್ಜಗಿಯಂಥ ಊರಿನಲ್ಲಿ ಮೈಮುರಿದು ಮುಂದೆ ಬರುವವರು ಹತ್ತು ಜನ ಇದ್ದರೆ ಹೆಚ್ಚು, ಎಲ್ಲ ಕಡೆಯೂ ಅವರೇ ಇರುತ್ತಾರೆ. ಶಾಲೆಯಲ್ಲಿ ಸ್ಕೌಟ್ ಮಾಸ್ಟರ್ ಆಗಿರುವವರೇ ಯುವಕ ಮಂಡಲದ ಹಿರಿಯರು; ಕಾಲೇಜಿನ ಎನ್‌ಎಸ್‌ಎಸ್ ಕಾರ್ಯಕ್ರಮಾಧಿಕಾರಿಯ ಹೆಗಲಿಗೇ ಯುವ ರೆಡ್‌ಕ್ರಾಸ್, ರೆಡ್ ರಿಬ್ಬನ್ ಕ್ಲಬ್ಬು. ಪ್ರತಿ ಸಂಘಟನೆಯೂ ತನ್ನದೇ ತರಬೇತಿ ನಡೆಸುತ್ತದೆ, ಪ್ರತಿಯೊಂದರಲ್ಲೂ ಪ್ರಥಮ ಚಿಕಿತ್ಸೆಯ ಒಂದು ಅವಧಿ, ವಿಪತ್ತು ನಿರ್ವಹಣೆಯ ಒಂದು ಅವಧಿ, ಮಕ್ಕಳ ರಕ್ಷಣೆಯ ಒಂದು ಅವಧಿ ಇರುತ್ತದೆ. ಒಂದು ಕಡೆ ಕಲಿತದ್ದಕ್ಕೆ ಇನ್ನೊಂದು ಕಡೆ ಮಾನ್ಯತೆ ಇಲ್ಲ. ಹದಿನೈದು ವರ್ಷ ಶಿಬಿರ ನಡೆಸಿದವರೂ ನಿನ್ನೆ ಸೇರಿದವರೂ ಒಂದೇ ಹಾಲ್‌ನಲ್ಲಿ ಕುಳಿತು ಅದೇ ಪಿಪಿಟಿ ನೋಡಬೇಕು. ಬ್ಯಾನರ್ ಕಟ್ಟಿ, ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸಿ, ಗುಂಪು ಫೋಟೊ ತೆಗೆಸಿ, ಪ್ರಮಾಣಪತ್ರ ಕೊಟ್ಟರೆ ತರಬೇತಿ ಮುಗಿಯಿತು. “ಮತ್ತ ಅದನ್ನ ಹೇಳ್ತಾರ್ರೀ” ಎಂಬ ಮಾತು ಊಟದ ಸಾಲಿನಲ್ಲಿ ಕೇಳಿಬರುತ್ತದೆ. ವೇದಿಕೆಯ ಮೇಲಿದ್ದವರ ಕಿವಿಗೆ ಅದು ಸೋಮಾರಿತನದ ಮಾತಾಗಿ ಬೀಳುತ್ತದೆ.

ಆ ಬೇಸರಕ್ಕೆ ನ್ಯಾಯ ಸಲ್ಲಿಸುವ ಮೊದಲು ಎದುರು ಪಕ್ಷದ ವಾದವನ್ನೂ ಪೂರ್ತಿ ಕೇಳಬೇಕು. ಅದು ಸಣ್ಣ ವಾದವಲ್ಲ. ಕಲಿತದ್ದನ್ನು ಮನುಷ್ಯ ಮರೆಯುತ್ತಾನೆ, ಬಹಳ ಬೇಗ ಮರೆಯುತ್ತಾನೆ. ಜರ್ಮನಿಯ ಹೆರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿಯೇ ತನ್ನ ಮೇಲೇ ಪ್ರಯೋಗ ಮಾಡಿಕೊಂಡು, ನೆನಪು ಮೊದಲಿಗೆ ಧಡಕ್ಕನೆ ಇಳಿದು ಆಮೇಲೆ ಇಳಿತ ನಿಧಾನವಾಗುತ್ತದೆ ಎಂದು ತೋರಿಸಿದ. ದಿನವೂ ಬಳಸುವ ಕೌಶಲಕ್ಕೆ ಈ ಭಯ ಕಡಿಮೆ. ವರ್ಷಕ್ಕೊಮ್ಮೆ ಬೇಕಾಗುವ, ಬೇಕಾದಾಗ ಮಾತ್ರ ತಪ್ಪಲೇಬಾರದ ಕೌಶಲಗಳು ಹೆಚ್ಚು ಬೇಗ ಸವೆಯುತ್ತವೆ.

ಸಿಪಿಆರ್ ಅಂಥದ್ದು. ಹೃದಯ ನಿಂತ ಮನುಷ್ಯನ ಎದೆಯ ನಡುವೆ ಎರಡೂ ಕೈ ಜೋಡಿಸಿ ಒತ್ತುತ್ತ, ನಡುನಡುವೆ ಬಾಯಿಂದ ಉಸಿರು ತುಂಬುತ್ತ, ಮಿದುಳಿಗೆ ರಕ್ತ ಹರಿಯುವಂತೆ ನೋಡಿಕೊಳ್ಳುವ ಕ್ರಮ ಇದು. ವಯಸ್ಕರಿಗಾದರೆ ನಿಮಿಷಕ್ಕೆ 100ರಿಂದ 120 ಒತ್ತು, ಪ್ರತಿ ಒತ್ತಿಗೂ ಕನಿಷ್ಠ 5 ಸೆಂಟಿಮೀಟರ್ ಆಳ, ಒತ್ತಿದ ಮೇಲೆ ಎದೆ ಪೂರ್ತಿ ಮೇಲೇಳಲು ಬಿಡಬೇಕು. ಓದಿದರೆ ಮೂರು ಸಾಲು. ಆದರೆ 5 ಸೆಂಟಿಮೀಟರ್ ಅಂದರೆ ಎಷ್ಟು ಎಂಬುದು ಮೊಣಕೈಗೂ ಭುಜಕ್ಕೂ ಗೊತ್ತಿರಬೇಕಾದ ಸಂಗತಿ. ಸಾಮಾನ್ಯವಾಗಿ ಇದರ ಪ್ರಮಾಣಪತ್ರ ಎರಡು ವರ್ಷ ಚಾಲ್ತಿಯಲ್ಲಿರುತ್ತದೆ. ಕೌಶಲ ಮಾತ್ರ ಮೂರರಿಂದ ಆರು ತಿಂಗಳೊಳಗೆ ಗಣನೀಯವಾಗಿ ಕುಸಿಯುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳು ಮತ್ತೆ ಮತ್ತೆ ಕಂಡುಕೊಂಡಿವೆ. ವೈದ್ಯರು, ದಾದಿಯರೂ ಇದಕ್ಕೆ ಹೊರತಲ್ಲ.

ಈ ಅವಧಿಯನ್ನು ನಮ್ಮ ಕ್ಯಾಲೆಂಡರಿನ ಮೇಲಿಟ್ಟು ನೋಡಿ. ಸರ್ಕಾರಿ ಅನುದಾನದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಉಳಿದ ಹಣ ಖರ್ಚಾಗಬೇಕು, ಬಳಕೆ ಪ್ರಮಾಣಪತ್ರ ಹೋಗಬೇಕು. ಆದ್ದರಿಂದ ತರಬೇತಿಗಳು ವರ್ಷದ ಕೊನೆಗೆ ಗುಂಪುಗೂಡುವುದು ನಮ್ಮಲ್ಲಿ ಎಲ್ಲರೂ ಕಂಡದ್ದೇ. ಮಾರ್ಚ್‌ನಲ್ಲಿ ಕಲಿತದ್ದು ಆಗಸ್ಟ್‌ನಲ್ಲಿ ಹೊಳೆ ತುಂಬುವ ಹೊತ್ತಿಗೆ ಐದು ತಿಂಗಳು ಹಳತು. ದೀಪಾವಳಿಯ ಹೊತ್ತಿಗೆ, ಅಂದರೆ ಹಾವೇರಿ ಸೀಮೆಯಲ್ಲಿ ಹೋರಿ ಬೆದರಿಸುವ ಸ್ಪರ್ಧೆಗಳು ನಡೆದು ಇರಿತದ ಗಾಯಗಳೂ ಸಾವುಗಳೂ ವರದಿಯಾಗುವ ಹೊತ್ತಿಗೆ, ಏಳೆಂಟು ತಿಂಗಳು. ಬೇಕಾಗುವ ಎರಡೂ ಹೊತ್ತಿನಲ್ಲಿ ಕೌಶಲ ತಳ ಮುಟ್ಟಿರುತ್ತದೆ, ಪ್ರಮಾಣಪತ್ರ ಮಾತ್ರ ಚಾಲ್ತಿಯಲ್ಲಿರುತ್ತದೆ.

ಹಾಗಾದರೆ ತರಬೇತಿ ಇನ್ನೂ ಹೆಚ್ಚಬೇಕಲ್ಲವೇ? ಹೌದು. ಆದರೆ ಯಾವ ಬಗೆಯದು ಎಂಬಲ್ಲಿ ಇಡೀ ಪ್ರಶ್ನೆ ಇದೆ. ಕೆನಡಾದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದಕ್ಕೆ ನೇರ ಉತ್ತರ ಕೊಡುತ್ತದೆ. ದಾದಿಯರನ್ನು ಚೀಟಿ ಎತ್ತಿದ ಹಾಗೆ ನಾಲ್ಕು ಗುಂಪು ಮಾಡಿ, ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ, ಆರು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಎಂದು ಬೊಂಬೆಯ ಮೇಲೆ ಸಿಪಿಆರ್ ಅಭ್ಯಾಸ ಮಾಡಿಸಿದರು. ಒತ್ತು ಸರಿಯೋ ತಪ್ಪೋ ಎಂದು ಯಂತ್ರ ಅಲ್ಲೇ ಹೇಳುತ್ತಿತ್ತು. ವರ್ಷ ಕಳೆದ ಮೇಲೆ ಅಳೆದಾಗ ತಿಂಗಳಿಗೊಮ್ಮೆ ಮಾಡಿದವರಲ್ಲಿ ಶೇಕಡಾ 58 ಜನ ಅತ್ಯುತ್ತಮ ಮಟ್ಟದಲ್ಲಿದ್ದರು. ವರ್ಷಕ್ಕೊಮ್ಮೆ ಮಾಡಿದವರಲ್ಲಿ ಶೇಕಡಾ 15 ಮಾತ್ರ. ಇದರ ಅರ್ಥ ವರ್ಷಕ್ಕೆ ಎರಡು ದಿನ ಇದ್ದದ್ದನ್ನು ನಾಲ್ಕು ದಿನ ಮಾಡಬೇಕೆಂದಲ್ಲ. ಅಭ್ಯಾಸವನ್ನು ಚೂರು ಚೂರಾಗಿ ತಿಂಗಳು ತಿಂಗಳಿಗೆ ಹಂಚಿ, ಕೈಗೆ ಕೆಲಸ ಕೊಟ್ಟು, ತಪ್ಪನ್ನು ಅಲ್ಲೇ ತೋರಿಸಿದರೆ ಫಲಿತಾಂಶ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ ಎಂದು.

ಈ ಸೀಮೆಗೆ ಇದು ಹೊಸ ವಿಚಾರವೂ ಅಲ್ಲ. 1923ರಲ್ಲಿ ಹಿಂದುಸ್ತಾನಿ ಸೇವಾದಳವನ್ನು ಕಟ್ಟಿದ ನಾ.ಸು. ಹರ್ಡೀಕರ್ ಹುಬ್ಬಳ್ಳಿಯಲ್ಲಿ ದುಡಿದವರು. ಸೇವಾದಳದ ಸ್ವಯಂಸೇವಕರು ತಿಂಗಳ ಕೊನೆಯ ಭಾನುವಾರ ತಪ್ಪದೆ ಧ್ವಜವಂದನೆಗೆ ಸೇರುವ ಪದ್ಧತಿ ಇತ್ತು. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನಿಂದ ಹೋಗಿ 1930ರಲ್ಲಿ ಗಾಂಧೀಜಿಯ ಜೊತೆ ದಂಡಿಗೆ ನಡೆದ, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದ ಮೈಲಾರ ಮಹಾದೇವಪ್ಪನವರ ಕಾಲದ ಸ್ವಯಂಸೇವಕತನ ಕವಾಯತಿನ ಮೇಲೆ ನಿಂತಿತ್ತು. ಉಪನ್ಯಾಸ ಕೇಳಿ ಮನೆಗೆ ಹೋಗುವುದು ಆಮೇಲೆ ಬಂದ ರೂಢಿ.

ಉಪನ್ಯಾಸ ಮತ್ತೆ ಕೇಳಿದರೂ ಸ್ವಲ್ಪವಾದರೂ ನೆನಪು ಉಳಿಯುವುದಿಲ್ಲವೇ ಎಂದು ಕೇಳಬಹುದು. ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗ ಈ ಪ್ರಶ್ನೆಯನ್ನೇ ಎತ್ತಿಕೊಂಡಿತ್ತು. ಒಂದು ಗುಂಪಿನ ವಿದ್ಯಾರ್ಥಿಗಳು ಒಂದೇ ಪಾಠವನ್ನು ನಾಲ್ಕು ಸಲ ಓದಿದರು. ಇನ್ನೊಂದು ಗುಂಪು ಒಂದು ಸಲ ಓದಿ, ಮೂರು ಸಲ ಪುಸ್ತಕ ಮುಚ್ಚಿ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಓದಿದವರೇ ಮುಂದಿದ್ದರು: ಶೇಕಡಾ 83, ಬರೆದವರು 71. ವಾರ ಕಳೆಯಿತು. ಓದಿದವರು 40ಕ್ಕೆ ಇಳಿದರು, ನೆನಪಿನಿಂದ ಬರೆದವರು 61ರಲ್ಲಿ ನಿಂತರು. ಇನ್ನೊಂದು ಸಂಗತಿ ಇನ್ನೂ ಮುಖ್ಯ. ತಮಗೆ ಚೆನ್ನಾಗಿ ನೆನಪಿರುತ್ತದೆ ಎಂಬ ಭರವಸೆ ಹೆಚ್ಚಿದ್ದದ್ದು ಮತ್ತೆ ಮತ್ತೆ ಓದಿದವರಲ್ಲಿಯೇ. ಪರಿಚಿತ ಮಾತು ಕಿವಿಗೆ ಬಿದ್ದಾಗ ‘ಇದು ಗೊತ್ತು’ ಅನಿಸುತ್ತದೆ. ಗುರುತಿಸುವುದು ಬೇರೆ, ಗಾಬರಿಯಲ್ಲಿ ನೆನಪಿನಿಂದ ಎತ್ತಿ ಮಾಡುವುದು ಬೇರೆ. ತರಬೇತಿ ಮುಗಿದ ಸಂಜೆ ತುಂಬಿಸಿಕೊಳ್ಳುವ ಅಭಿಪ್ರಾಯ ಹಾಳೆ ಅಳೆಯುವುದು ಮೊದಲನೆಯದನ್ನು ಮಾತ್ರ.

ಅನುಭವಿಗಳ ವಿಷಯದಲ್ಲಿ ತೊಡಕು ಇನ್ನೂ ಆಳಕ್ಕಿಳಿಯುತ್ತದೆ. ಕಲಿಕೆಯ ವಿಜ್ಞಾನದಲ್ಲಿ ‘ಪರಿಣತಿಯ ತಿರುವುಮುರುವು’ ಎನ್ನಬಹುದಾದ ಒಂದು ಪರಿಣಾಮವಿದೆ; ಸ್ಲಾವಾ ಕಲ್ಯುಗ, ಜಾನ್ ಸ್ವೆಲ್ಲರ್ ಮತ್ತು ಸಂಗಡಿಗರು 2003ರಲ್ಲಿ ಅದರ ಬಗೆಗಿನ ಪುರಾವೆಗಳನ್ನು ಒಟ್ಟು ಮಾಡಿದರು. ಹೊಸಬರಿಗೆ ಹಂತಹಂತವಾಗಿ, ಬಿಡಿಸಿ ಬಿಡಿಸಿ ಹೇಳಿಕೊಟ್ಟರೆ ಲಾಭ. ಅದೇ ವಿವರಣೆಯನ್ನು ಬಲ್ಲವರಿಗೆ ಕೊಟ್ಟರೆ ಲಾಭ ಶೂನ್ಯಕ್ಕಿಳಿಯುತ್ತದೆ, ಎಷ್ಟೋ ಸಲ ನಷ್ಟಕ್ಕೂ ತಿರುಗುತ್ತದೆ. ಮನುಷ್ಯ ಒಂದು ಕ್ಷಣದಲ್ಲಿ ಮನಸ್ಸಿನಲ್ಲಿ ಹಿಡಿದುಕೊಳ್ಳಬಲ್ಲದ್ದು ಕೆಲವೇ ಅಂಶಗಳನ್ನು. ಬಲ್ಲವನ ತಲೆಯಲ್ಲಿ ಇಡೀ ಕೆಲಸದ ಒಂದು ಚೌಕಟ್ಟು ಆಗಲೇ ಇರುತ್ತದೆ. ಹೊರಗಿನಿಂದ ಬರುವ ವಿವರಣೆಯನ್ನು ಅದರ ಜೊತೆ ತಾಳೆ ಹಾಕುವುದಕ್ಕೇ ಗಮನ ಖರ್ಚಾಗುತ್ತದೆ. ಹೊಸ ಅಂಶ ಬಂದಾಗ ಹಿಡಿದುಕೊಳ್ಳಲು ಗಮನ ಉಳಿದಿರುವುದಿಲ್ಲ. ಹಿಂದಿನ ಸಾಲಿನಲ್ಲಿ ಕುಳಿತು ಮೊಬೈಲ್ ನೋಡುವ ಹಿರಿಯ ಸ್ವಯಂಸೇವಕ ಅಶಿಸ್ತಿನವನೇ ಇರಬಹುದು, ಆದರೆ ಆ ಬೇಸರದಲ್ಲಿ ಮಿದುಳು ಹೇಳುತ್ತಿರುವ ಒಂದು ನಿಜವೂ ಇದೆ.

ಅಪಾಯ ಇರುವುದು ಆ ಕ್ಷಣದಲ್ಲಿಯೇ, ಏಕೆಂದರೆ ಹೊಸ ಅಂಶ ನಿಜಕ್ಕೂ ಇರುತ್ತದೆ. ಇಪ್ಪತ್ತು ವರ್ಷಕ್ಕೂ ಹಿಂದೆ ಪ್ರಥಮ ಚಿಕಿತ್ಸೆ ಕಲಿತವರಿಗೆ 15 ಒತ್ತಿಗೆ 2 ಉಸಿರು ಎಂದು ಹೇಳಿಕೊಟ್ಟಿದ್ದರು. 2005ರಲ್ಲಿ ಅದು 30ಕ್ಕೆ 2 ಆಯಿತು. 2010ರಲ್ಲಿ ಮೊದಲು ಉಸಿರು ಆಮೇಲೆ ಒತ್ತು ಎಂಬ ಕ್ರಮವೇ ತಿರುಗಿತು. ಹಾವಿನ ವಿಷಯ ನಮಗೆ ಇನ್ನೂ ಹತ್ತಿರದ್ದು. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ ಸರಾಸರಿ 58 ಸಾವಿರ ಎಂಬುದು ಒಂದು ರಾಷ್ಟ್ರಮಟ್ಟದ ಅಂದಾಜು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಕಡಿದ ಜಾಗದ ಮೇಲೆ ಹಗ್ಗದಿಂದ ಬಿಗಿಯಾಗಿ ಕಟ್ಟಬೇಕು, ಬ್ಲೇಡಿನಿಂದ ಗೀರಬೇಕು ಎಂದು ಕಲಿತ ತಲೆಮಾರು ನಮ್ಮಲ್ಲಿ ಇನ್ನೂ ಇದೆ. ಈಗಿನ ಸೂಚನೆ ಪೂರ್ತಿ ಬೇರೆ: ಕಟ್ಟಬೇಡಿ, ಕೊಯ್ಯಬೇಡಿ, ಹೀರಬೇಡಿ, ಕೈಕಾಲು ಅಲುಗದಂತೆ ಇರಿಸಿ, ತಡಮಾಡದೆ ಪ್ರತಿವಿಷ ಸಿಗುವ ಆಸ್ಪತ್ರೆಗೆ ಸಾಗಿಸಿ. ಬಿಗಿಯಾಗಿ ಕಟ್ಟಿದ ಅಂಗಕ್ಕೆ ರಕ್ತ ನಿಂತು ಅದು ಕೊಳೆಯಬಹುದು. ಇಲ್ಲಿ ಅನುಭವವೇ ಅಪಾಯ, ಏಕೆಂದರೆ ಅನುಭವಿಯ ಕೈ ಯೋಚಿಸದೆ ಹಳೆಯದನ್ನೇ ಮಾಡುತ್ತದೆ. ಹಾಗಾಗಿ ‘ಹಳಬರಿಗೆ ತರಬೇತಿ ಬೇಡ’ ಎಂಬ ಬೇಡಿಕೆಯನ್ನು ಒಪ್ಪಲಾಗದು. ಬದಲಾದ ಆ ಎರಡು ಸಾಲು ಆರು ಗಂಟೆಯ ಹಳೆಯ ಪಾಠದ ನಡುವೆ ಹುಗಿದುಹೋಗುವುದನ್ನೂ ಒಪ್ಪಲಾಗದು.

ಎಲ್ಲರಿಗೂ ಒಂದೇ ಪಾಠ ಎಂಬ ಕ್ರಮ ಸ್ಥಳೀಯ ಅಪಾಯವನ್ನೂ ಮರೆಸುತ್ತದೆ. ನಮ್ಮಲ್ಲಿ ಜನಸಾಮಾನ್ಯರಿಗೆ ಈಗ ಹೆಚ್ಚಾಗಿ ಕಲಿಸುವುದು ಎದೆ ಒತ್ತುವುದನ್ನಷ್ಟೇ, ಬಾಯಿಂದ ಉಸಿರು ಕೊಡುವುದನ್ನಲ್ಲ. ಹೃದಯಾಘಾತದಿಂದ ಬೀದಿಯಲ್ಲಿ ಕುಸಿದ ವಯಸ್ಕರಿಗೆ ಇದು ಸರಿಯಾದ ಸರಳೀಕರಣ. ಅವರ ರಕ್ತದಲ್ಲಿ ಆಮ್ಲಜನಕ ಇನ್ನೂ ಇರುತ್ತದೆ, ಅದನ್ನು ಹರಿಸಿದರೆ ಸಾಕು. ನೀರಲ್ಲಿ ಮುಳುಗಿದವರ ಕಥೆ ತಲೆಕೆಳಗು. ಅವರ ಉಸಿರು ಮೊದಲು ನಿಲ್ಲುತ್ತದೆ, ಆಮ್ಲಜನಕ ತೀರಿದ ಮೇಲೆ ಹೃದಯ ನಿಲ್ಲುತ್ತದೆ. ಬರಿದಾದ ರಕ್ತವನ್ನು ಎಷ್ಟು ಹರಿಸಿದರೇನು? ಅವರಿಗೆ ಉಸಿರು ತುಂಬಲೇಬೇಕು, ಮೊದಲಿಗೇ ತುಂಬಬೇಕು. ದೇಶದಲ್ಲಿ 2022ರಲ್ಲಿ ನೀರಿನಲ್ಲಿ ಮುಳುಗಿ ಸತ್ತವರು 38 ಸಾವಿರಕ್ಕೂ ಹೆಚ್ಚು ಎನ್ನುತ್ತದೆ ರಾಷ್ಟ್ರೀಯ ಅಪರಾಧ ದಾಖಲೆಗಳ ವಿಭಾಗ. ವರದೆಯ ದಡದ ಸ್ವಯಂಸೇವಕನಿಗೆ ಬೇಕಾದದ್ದು ಈ ವ್ಯತ್ಯಾಸ. ರಾಣೆಬೆನ್ನೂರು-ಬ್ಯಾಡಗಿ ನಡುವಿನ ಹೆದ್ದಾರಿ ಪಕ್ಕದ ಊರಿನವನಿಗೆ ಬೇಕಾದದ್ದು ರಕ್ತಸ್ರಾವ ತಡೆಯುವುದು, ಕುತ್ತಿಗೆ ಅಲುಗದಂತೆ ಗಾಯಾಳುವನ್ನು ಎತ್ತುವುದು. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಬಳಿ ನಿಂತ ಲಾರಿಗೆ ವಾಹನ ಗುದ್ದಿ 13 ಜನ ಸತ್ತ ರಸ್ತೆ ಅದು.

ಇನ್ನು ಜನ ಬಿಟ್ಟುಹೋಗುವ ಲೆಕ್ಕ. ಸ್ವಯಂಸೇವಕನಿಗೆ ಸಂಬಳವಿಲ್ಲ; ಶಿಕ್ಷಕರಾದರೆ ಆ ದಿನವನ್ನು ಕರ್ತವ್ಯವೆಂದೇ ಲೆಕ್ಕ ಹಿಡಿಯುತ್ತಾರೆ (ಓಓಡಿ), ಹೊಲದವನಿಗೆ ಒಂದು ದಿನದ ಕೂಲಿ ಹೋಗುತ್ತದೆ. ಅವನನ್ನು ಹಿಡಿದಿಟ್ಟಿರುವುದು ತಾನಾಗಿ ಬಂದಿದ್ದೇನೆ, ತನ್ನಿಂದ ಉಪಯೋಗವಿದೆ ಎಂಬ ಭಾವನೆಯೊಂದೇ. ಕಡ್ಡಾಯ ಆ ಭಾವನೆಗೆ ಏನು ಮಾಡುತ್ತದೆ ಎಂಬುದನ್ನು ಅಮೆರಿಕದ ಆರ್ಥರ್ ಸ್ಟುಕಸ್, ಮಾರ್ಕ್ ಸ್ನೈಡರ್ ಮತ್ತು ಗಿಲ್ ಕ್ಲಾರಿ 1999ರಲ್ಲಿ ಪರೀಕ್ಷಿಸಿದರು. ಕಾಲೇಜು ಕಡ್ಡಾಯಗೊಳಿಸಿದ ಸೇವೆಯಲ್ಲಿ, ತಮ್ಮನ್ನು ಯಾರೋ ದೂಡಿದ್ದಾರೆ ಎಂದು ಅನಿಸಿದವರಿಗೆ ಮುಂದೆ ಸೇವೆ ಮಾಡುವ ಮನಸ್ಸು ಕುಗ್ಗಿತು. ಆ ಅಧ್ಯಯನ ಸೇವೆಯನ್ನು ಕುರಿತದ್ದು, ತರಬೇತಿಯನ್ನಲ್ಲ. ಆದರೆ ಕೆಲಸ ಮಾಡುವ ಮನೋವ್ಯಾಪಾರ ಒಂದೇ. ತಾನಾಗಿ ಮಾಡುವ ಕೆಲಸಕ್ಕೆ ಅರ್ಥ ಕಾಣದ ಒತ್ತಾಯ ಸೇರಿದರೆ ಒಳಗಿನ ಪ್ರೇರಣೆ ಕಡಿಮೆಯಾಗುತ್ತದೆ.

ಒಂದು ಊರಿನಲ್ಲಿ ಇಪ್ಪತ್ತು ಅನುಭವಿ ಸ್ವಯಂಸೇವಕರಿದ್ದಾರೆ ಎಂದಿಟ್ಟುಕೊಳ್ಳಿ. ಪ್ರತಿ ವರ್ಷ ಐವರಲ್ಲಿ ಒಬ್ಬರು ಬೇಸತ್ತು ದೂರ ಸರಿದರೆ ಮೊದಲ ವರ್ಷಕ್ಕೆ 16, ಎರಡನೆಯದಕ್ಕೆ 13, ಐದನೆಯ ವರ್ಷಕ್ಕೆ ಆರೋ ಏಳೋ ಜನ ಉಳಿಯುತ್ತಾರೆ. ಬಿಟ್ಟವರ ಜಾಗಕ್ಕೆ ಹೊಸಬರು ಬರುತ್ತಾರೆ, ಹಾಗಾಗಿ ಪಟ್ಟಿಯಲ್ಲಿ ಇಪ್ಪತ್ತು ಇಪ್ಪತ್ತೇ ಇರುತ್ತದೆ. ಕುಸಿತ ಅಂಕಿಯಲ್ಲಿ ಕಾಣುವುದೇ ಇಲ್ಲ. ಬದಲಿಗೆ ಹೊಸಬರು ಹೆಚ್ಚಾದ ಕಾರಣ ತರಬೇತಿಯ ಸಂಖ್ಯೆ ಏರುತ್ತದೆ, ವರದಿ ಇನ್ನೂ ಚೆನ್ನಾಗಿ ಕಾಣುತ್ತದೆ. ಹೊಳೆಯ ಯಾವ ಮಗ್ಗುಲಲ್ಲಿ ಸೆಳೆತ ಹೆಚ್ಚು, ಯಾವ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ ಇದ್ದಾಳೆ, ನಸುಕಿನಲ್ಲಿ ಟ್ರ್ಯಾಕ್ಟರ್ ಕೇಳಿದರೆ ಯಾರು ಕೊಡುತ್ತಾರೆ ಎಂಬುದು ಯಾವ ಪಿಪಿಟಿಯಲ್ಲೂ ಇಲ್ಲ. ಅದು ಹೊರಟುಹೋದ ಆ ಹದಿಮೂರು ಜನರ ತಲೆಯಲ್ಲಿತ್ತು.

ಕಡ್ಡಾಯ ಬಂದದ್ದು ಯಾರದೋ ಹಟದಿಂದಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಮಕ್ಕಳ ಜೊತೆ ಕೆಲಸ ಮಾಡುವ ಸಂಘಟನೆಗಳು ಮಕ್ಕಳ ರಕ್ಷಣೆಯನ್ನು ಸಡಿಲ ಬಿಟ್ಟಾಗ ಏನಾಯಿತು ಎಂಬುದಕ್ಕೆ ಅಮೆರಿಕದ ಬಾಯ್ ಸ್ಕೌಟ್ಸ್ ಉದಾಹರಣೆ. 2020ರ ಫೆಬ್ರುವರಿಯಲ್ಲಿ ಅದು ದಿವಾಳಿ ಅರ್ಜಿ ಹಾಕಿತು. ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದೆವೆಂದು 82 ಸಾವಿರಕ್ಕೂ ಹೆಚ್ಚು ಜನ ಪರಿಹಾರ ಕೇಳಿ ಮುಂದೆ ಬಂದರು. ನಮ್ಮಲ್ಲಿ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮು, ಇಂಥ ಅಪರಾಧ ನಡೆದಿದೆ ಎಂದು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕೆನ್ನುತ್ತದೆ. ತಿಳಿಸದಿದ್ದರೆ 21ನೇ ಕಲಮಿನ ಪ್ರಕಾರ ಆರು ತಿಂಗಳವರೆಗೆ ಸಜೆ ಆಗಬಹುದು. ಶಿಬಿರಕ್ಕೆ ಮಕ್ಕಳನ್ನು ಕರೆದೊಯ್ಯುವ ಯಾರಿಗೂ ಇದು ಗೊತ್ತಿಲ್ಲದೆ ಇರಬಾರದು, ಎಷ್ಟು ಹಿರಿಯರಾದರೂ. ಆದರೆ ಕಲಮಿನ ಸಂಖ್ಯೆಯನ್ನು ಐದನೆಯ ಸಲ ಕೇಳಿಸುವುದರಿಂದ ಮಗು ಸುರಕ್ಷಿತವಾಗುವುದಿಲ್ಲ. ‘ರಾತ್ರಿ ಹತ್ತಕ್ಕೆ ಒಬ್ಬ ಹುಡುಗ ಬಂದು ಹೀಗೆ ಹೇಳಿದ, ಈಗ ನೀವು ಮಾಡುವ ಮೊದಲ ಕೆಲಸ ಯಾವುದು?’ ಎಂದು ಕೇಳಿ ಉತ್ತರ ತೂಗಿ ನೋಡುವುದರಿಂದ ಆಗುತ್ತದೆ. ಈ ಪ್ರಶ್ನೆಗೆ ಹತ್ತು ನಿಮಿಷ ಸಾಕು. ಸಹಿ ಮಾಡಿಸಿಕೊಂಡ ಹಾಜರಿ ಪುಸ್ತಕ ನಾಳೆ ನ್ಯಾಯಾಲಯದಲ್ಲಿ ಸಂಸ್ಥೆಯನ್ನು ಕಾಪಾಡಬಹುದು. ಸಂಸ್ಥೆಯ ರಕ್ಷಣೆಯನ್ನು ಮಗುವಿನ ರಕ್ಷಣೆ ಎಂದು ತಿಳಿದುಕೊಳ್ಳುವ ತಪ್ಪು ಆಗದಿರಲಿ.

ಇದರಿಂದ ಹೊರಬರುವ ದಾರಿಯನ್ನು ರಾಣೆಬೆನ್ನೂರಿನ ಬೀಜ ವ್ಯಾಪಾರ ಬಲ್ಲವರಿಗೆ ಹೇಳಿಕೊಡಬೇಕಿಲ್ಲ. ಪ್ರಮಾಣೀಕೃತ ಬೀಜದ ಚೀಲಕ್ಕೆ ಪರೀಕ್ಷೆಯ ದಿನದಿಂದ ಒಂಬತ್ತು ತಿಂಗಳ ಅವಧಿ. ಅವಧಿ ಮುಗಿದ ಬೀಜವನ್ನು ಹೊಸ ಚೀಲಕ್ಕೆ ತುಂಬಿ ಹೊಸ ಚೀಟಿ ಹೊಲಿದರೆ ಅದು ಮೋಸ. ಮಾದರಿ ತೆಗೆದು ಮೊಳಕೆ ಪರೀಕ್ಷೆ ಮಾಡುತ್ತಾರೆ. ಹೈಬ್ರಿಡ್ ಗೋವಿನಜೋಳವಾದರೆ ನೂರಕ್ಕೆ 90 ಮೊಳೆಯಬೇಕು. ಮೊಳೆತರೆ ಇನ್ನೂ ಆರು ತಿಂಗಳು ಅವಧಿ ಸಿಗುತ್ತದೆ, ಇಲ್ಲದಿದ್ದರೆ ಇಲ್ಲ. ಸ್ವಯಂಸೇವಕರ ವಿಷಯದಲ್ಲಿ ನಾವು ಮೊಳಕೆ ನೋಡದೆ ಚೀಟಿ ಬದಲಿಸುತ್ತಿದ್ದೇವೆ.

ಪರೀಕ್ಷೆ ಮೊದಲು, ಪಾಠ ಆಮೇಲೆ ಎಂಬ ಕ್ರಮ ಸರ್ಕಾರಕ್ಕೆ ಅಪರಿಚಿತವೂ ಅಲ್ಲ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ‘ಪೂರ್ವ ಕಲಿಕೆಗೆ ಮಾನ್ಯತೆ’ ಎಂಬ ಭಾಗವಿದೆ. ಇಪ್ಪತ್ತು ವರ್ಷ ಗೋಡೆ ಕಟ್ಟಿದ ಗೌಂಡಿಯನ್ನು ಇಟ್ಟಿಗೆ ಹಿಡಿಯುವ ಪಾಠಕ್ಕೆ ಕೂರಿಸುವುದಿಲ್ಲ. ಕೆಲಸ ಮಾಡಿಸಿ ನೋಡಿ, ಕೊರತೆ ಇದ್ದಷ್ಟನ್ನು ಕಲಿಸಿ, ಪ್ರಮಾಣಪತ್ರ ಕೊಡುತ್ತಾರೆ. ಗೌಂಡಿಗೆ ಸಲ್ಲುವ ಮರ್ಯಾದೆ ಸ್ಕೌಟ್ ಮಾಸ್ಟರಿಗೂ, ಯುವಕ ಮಂಡಲದ ಹಿರಿಯನಿಗೂ ಸಲ್ಲಬೇಡವೇ?

ಇಂಥ ಪರೀಕ್ಷೆಗೆ ಬೇಕಾದ ಸಾಮಗ್ರಿ ಹೆಚ್ಚಿಲ್ಲ. ಒತ್ತಿನ ಆಳ ತೋರಿಸುವ ಒಂದು ಬೊಂಬೆ, ಒಂದು ಹಗ್ಗ, ಹಾವು ಕಡಿತ, ನೀರಲ್ಲಿ ಮುಳುಗುವುದು, ರಕ್ತಸ್ರಾವ, ಮಕ್ಕಳ ದೂರು ಈ ನಾಲ್ಕರ ಬಗ್ಗೆ ನಾಲ್ಕು ಸನ್ನಿವೇಶದ ಚೀಟಿ. ಹಳಬರು ಬಂದು ಮಾಡಿ ತೋರಿಸಲಿ. ಸರಿಯಾದರೆ ಅರ್ಧ ಗಂಟೆಯಲ್ಲಿ ಮನೆಗೆ ಹೋಗಲಿ, ತಪ್ಪಿದರೆ ತಪ್ಪಿದ ಭಾಗಕ್ಕೆ ಮಾತ್ರ ಕುಳಿತುಕೊಳ್ಳಲಿ. ಎಲ್ಲ ಸರಿ ಮಾಡಿದವರಿಗೆ ಹೊಸಬರಿಗೆ ಕಲಿಸುವ ಕೆಲಸ ವಹಿಸಲಿ. ಕಲಿಸುವವನು ನೆನಪಿನಿಂದ ಎತ್ತಿ ಹೇಳಬೇಕಾಗುವುದರಿಂದ ಅವನ ಕೌಶಲವೂ ಉಳಿಯುತ್ತದೆ. ಒಂದು ಇಲಾಖೆ ಪರೀಕ್ಷಿಸಿದ್ದನ್ನು ಉಳಿದವು ಒಪ್ಪಲಿ. ಬದಲಾದ ಸೂಚನೆ ಇದ್ದರೆ ‘ಇದು ಹಳೆಯದು, ಇದು ಹೊಸದು’ ಎಂದು ಒಂದೇ ಪುಟದಲ್ಲಿ ಬರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಬಂದವರೆಷ್ಟು ಎಂಬ ಅಂಕಿಯ ಪಕ್ಕದಲ್ಲಿ ಸರಿಯಾಗಿ ಮಾಡಿ ತೋರಿಸಿದವರೆಷ್ಟು, ಕಳೆದ ವರ್ಷ ಇದ್ದವರಲ್ಲಿ ಈ ವರ್ಷ ಉಳಿದವರೆಷ್ಟು ಎಂಬ ಎರಡು ಅಂಕಿಗಳೂ ವರದಿಯಲ್ಲಿ ಬರಲಿ. ಈ ಎರಡು ಅಂಕಿಗಳನ್ನು ಬರೆದಿಟ್ಟರೆ ಮೇಲೆ ಹೇಳಿದ ಕಳವಳ ಸರಿಯೋ ತಪ್ಪೋ ಎಂಬುದು ಎರಡೇ ವರ್ಷಗಳಲ್ಲಿ ತೀರ್ಮಾನವಾಗುತ್ತದೆ, ಯಾರ ಮಾತನ್ನೂ ನಂಬಬೇಕಿಲ್ಲ.

ಹಾವೇರಿ ಜಿಲ್ಲೆಯ ಯುವಜನ, ಶಿಕ್ಷಣ, ವಿಪತ್ತು ನಿರ್ವಹಣೆಯ ಹೊಣೆ ಹೊತ್ತ ಅಧಿಕಾರಿಗಳಲ್ಲಿ ಒಂದು ವಿನಂತಿ: ಮುಂದಿನ ಮಾರ್ಚ್‌ನ ತರಬೇತಿಗಾಗಿ ಕಾಯದೆ, ಜೂನ್ ಮೊದಲ ವಾರದಲ್ಲಿ, ಮಲೆನಾಡಿನ ಮಳೆ ವರದೆಗೆ ಇಳಿಯುವ ಮೊದಲು, ಕರ್ಜಗಿಯಂಥ ಹೊಳೆದಂಡೆಯ ನಾಲ್ಕು ಊರುಗಳಲ್ಲಿ ಈಗಾಗಲೇ ಪ್ರಮಾಣಪತ್ರ ಪಡೆದವರನ್ನು ಕರೆದು ಬೊಂಬೆಯ ಮೇಲೆ ಎರಡು ನಿಮಿಷ ಒತ್ತಿಸಿ ನೋಡಿ, ಎಷ್ಟು ಜನ ಸರಿಯಾಗಿ ಒತ್ತಿದರು ಎಂಬುದನ್ನು ಪ್ರಕಟಿಸಿ.